ಕಾಮಿಕ್ ಸ್ಯಾನ್ಸ್ ಹಾಕಿದರೆ ಯಾಕೆ ನಗುತ್ತಾರೆ? ಕನ್ನಡದಲ್ಲಿ ಅಂಥ ಫಾಂಟ್ ಯಾವುದಿದೆ?

ಪುಟಾಣಿ_ಓದುಕೋಣೆ
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಮಕ್ಕಳಿಗೆ ಅಂತ ಒಂದು ಸಣ್ಣ ಓದುಕೋಣೆ ತೆರೆಯುತ್ತಿದ್ದೇವೆ. ಒಂದು ಬೋರ್ಡು, ಮನೆಮನೆಗೆ ಹಂಚುವ ಕರಪತ್ರ, ಪುಸ್ತಕದೊಳಗೆ ಅಂಟಿಸುವ ಚೀಟಿ ಬೇಕು. ಡಿಸೈನರ್ ಇಡುವಷ್ಟು ದುಡ್ಡಿಲ್ಲ. ನಾನೇ ವರ್ಡ್‌ನಲ್ಲಿ ಕೂತು ಮಾಡಿದೆ. ಇಂಗ್ಲಿಷ್ ಸಾಲಿಗೆ ಕಾಮಿಕ್ ಸ್ಯಾನ್ಸ್ ಅನ್ನುವ ಫಾಂಟ್ (ಅಕ್ಷರದ ಶೈಲಿ) ಹಾಕಿದೆ. ದುಂಡಗೆ, ಮಕ್ಕಳೇ ಬರೆದ ಹಾಗೆ ಇದೆ ಅಲ್ವಾ ಅಂತ.

ಪಕ್ಕದ ಮನೆಯ ಹುಡುಗಿ ಡಿಸೈನ್ ಓದುತ್ತಾಳೆ. ನೋಡಿದವಳೇ "ಅಂಕಲ್, ಕಾಮಿಕ್ ಸ್ಯಾನ್ಸಾ?" ಅಂತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಯಾಕಮ್ಮ ಅಂದರೆ "ಅದು ಹಾಗೇ ಅಂಕಲ್" ಅಂದಳು. ಇದೆಂಥ ಉತ್ತರ?

ಇನ್ನೊಂದು ತಲೆನೋವು. ಇಡೀ ಪುಟ ಸೆಲೆಕ್ಟ್ ಮಾಡಿ ಅದೇ ಫಾಂಟ್ ಕೊಟ್ಟರೂ ಕನ್ನಡದ ಸಾಲು ಮಾತ್ರ ಸರ್ಕಾರಿ ಸುತ್ತೋಲೆಯ ಥರವೇ ಕಾಣುತ್ತದೆ. ಕನ್ನಡದಲ್ಲಿ ಕೈಬರಹದ ಥರದ ಒಳ್ಳೆಯ ಫಾಂಟ್ ಇದ್ದರೆ ಹೇಳಿ.

ಮಸಾಲೆಪುರಿ
ನಗುವವರು ನಗಲಿ ಸಾರ್. ಕರಪತ್ರ ಓದುವವರು ಮಕ್ಕಳು, ಡಿಸೈನ್ ಕಾಲೇಜಿನವರಲ್ಲ.

ಗೆರೆಗೀಚು
ನಾನು ಇದೇ ಕೆಲಸ ಮಾಡುವವನು, ಹಾಗಾಗಿ ಆ ಹುಡುಗಿಯ ಪರವಾಗಿ ಸ್ವಲ್ಪ ಹೇಳುತ್ತೇನೆ.

ಕಾಮಿಕ್ ಸ್ಯಾನ್ಸ್ ಮಾಡಿದ್ದು ವಿನ್ಸೆಂಟ್ ಕೊನೇರ್, 1994ರಲ್ಲಿ, ಮೈಕ್ರೋಸಾಫ್ಟ್‌ನಲ್ಲಿದ್ದಾಗ. ಆಗ ಅಲ್ಲಿ 'ಬಾಬ್' ಅಂತ ಒಂದು ಸಾಫ್ಟ್‌ವೇರ್ ತಯಾರಾಗುತ್ತಿತ್ತು. ಕಂಪ್ಯೂಟರ್ ಗೊತ್ತಿಲ್ಲದವರಿಗೆ ಅಂತ ಮಾಡಿದ್ದು. ಅದರಲ್ಲಿ ಒಂದು ಕಾರ್ಟೂನ್ ನಾಯಿ ಮಾತಾಡುತ್ತದೆ, ಮಾತು ಗುಳ್ಳೆಯೊಳಗೆ ಬರುತ್ತದೆ. ಆದರೆ ಗುಳ್ಳೆಯೊಳಗಿನ ಅಕ್ಷರ ಟೈಮ್ಸ್ ನ್ಯೂ ರೋಮನ್! ನಾಯಿ ವಕೀಲರ ನೋಟಿಸ್ ಓದುತ್ತಿದೆಯೇನೋ ಅನ್ನಬೇಕು. ಕೊನೇರ್‌ಗೆ ಇದು ಸರಿ ಕಾಣಲಿಲ್ಲ. ತನ್ನ ಆಫೀಸಿನಲ್ಲಿದ್ದ ಕಾಮಿಕ್ ಪುಸ್ತಕಗಳ ಕೈಬರಹ ನೋಡಿಕೊಂಡು ಈ ಫಾಂಟ್ ಬರೆದ. ತಮಾಷೆ ಅಂದರೆ ಬಾಬ್‌ಗೆ ಅದು ಹೊಂದಲೇ ಇಲ್ಲ. ಟೈಮ್ಸ್‌ಗಿಂತ ಇದರ ಅಕ್ಷರ ಅಗಲ, ಗುಳ್ಳೆಗಳ ಅಳತೆ ಮೊದಲೇ ಆಗಿಹೋಗಿತ್ತು. ಆಮೇಲೆ ವಿಂಡೋಸ್ 95ರ ಪ್ಲಸ್ ಪ್ಯಾಕ್‌ನಲ್ಲಿ ಸೇರಿಕೊಂಡಿತು. ಅಲ್ಲಿಂದ ಎಲ್ಲರ ಮನೆಗೂ ನುಗ್ಗಿತು.

ಫಾಂಟ್ ಬಗ್ಗೆ ನನಗೆ ತಕರಾರಿಲ್ಲ. ಅದು ಹೋಗಬಾರದ ಕಡೆ ಹೋಗುವುದರ ಬಗ್ಗೆ ತಕರಾರು. ಆಸ್ಪತ್ರೆಯ ಫಾರಂ, ಶ್ರದ್ಧಾಂಜಲಿ ಫ್ಲೆಕ್ಸ್, "ಹೈ ವೋಲ್ಟೇಜ್ ಅಪಾಯ" ಅನ್ನುವ ಫಲಕ. ಅಲ್ಲೆಲ್ಲ ಇದನ್ನು ನೋಡಿದರೆ ತಿಥಿ ಊಟಕ್ಕೆ ಹುಟ್ಟುಹಬ್ಬದ ಟೊಪ್ಪಿ ಹಾಕಿಕೊಂಡು ಬಂದ ಹಾಗಿರುತ್ತದೆ. ನಿಮ್ಮ ಓದುಕೋಣೆಗೆ ಅದು ತಪ್ಪೇನಲ್ಲ.

ಕ್ವಾರ್ಕ್_ಕೃಷ್ಣ
2012ರ ಜುಲೈ 4ರಂದು ಜಿನೀವಾ ಬಳಿಯ ಕಣ ವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ ಅನ್ನುವ ಕಣ ಸಿಕ್ಕಿತು ಅಂತ ಹೇಳಿದರಲ್ಲ, ಅವತ್ತು ಅದನ್ನು ಹುಡುಕುತ್ತಿದ್ದ ಅಟ್ಲಾಸ್ ತಂಡದ ಪರವಾಗಿ ಮಾತಾಡಿದ ಫಾಬಿಯೋಲಾ ಜನೋಟಿ ಅವರ ಸ್ಲೈಡ್‌ಗಳೆಲ್ಲ ಕಾಮಿಕ್ ಸ್ಯಾನ್ಸ್. ಜನ ಕಣದ ವಿಷಯ ಬಿಟ್ಟು ಫಾಂಟ್ ಬಗ್ಗೆ ಬೊಬ್ಬೆ ಹಾಕಿದರು. 2014ರ ಏಪ್ರಿಲ್ 1ಕ್ಕೆ ಸರ್ನ್‌ನವರೇ ಇನ್ನು ಮೇಲೆ ನಮ್ಮ ಸೈಟಿಗೆಲ್ಲ ಅದೇ ಫಾಂಟ್ ಅಂತ ಏಪ್ರಿಲ್ ಫೂಲ್ ಮಾಡಿದರು. ಜನೋಟಿ ಆಮೇಲೆ ಸರ್ನ್‌ನ ಮಹಾನಿರ್ದೇಶಕಿ ಆದರು. ಫಾಂಟ್‌ನಿಂದ ಏನೂ ಹಾಳಾಗಲಿಲ್ಲ.

ಗೆರೆಗೀಚು
@ಕ್ವಾರ್ಕ್_ಕೃಷ್ಣ ಹಿಗ್ಸ್ ಬೋಸಾನ್ ಹುಡುಕಿದವರಿಗೆ ವಿನಾಯಿತಿ ಇದೆ. ಉಳಿದವರು ಯೋಚನೆ ಮಾಡಬೇಕು.

ಮಸಾಲೆಪುರಿ
ಹಾಹಾ. ಒಪ್ಪಿದೆ.

ಜೆರಾಕ್ಸ್_ಡಿಟಿಪಿ_ಲ್ಯಾಮಿನೇಷನ್
ಮೂಲ ಪ್ರಶ್ನೆಯ ಎರಡನೇ ಭಾಗಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ. ಸಾರ್, ಕಾಮಿಕ್ ಸ್ಯಾನ್ಸ್ ಒಳಗೆ ಕನ್ನಡ ಅಕ್ಷರವೇ ಇಲ್ಲ. ಫಾಂಟ್‌ನಲ್ಲಿ ಇಲ್ಲದ ಅಕ್ಷರ ಬಂದಾಗ ಕಂಪ್ಯೂಟರ್ ತನ್ನ ಹತ್ತಿರ ಇರುವ ಬೇರೆ ಫಾಂಟ್‌ನಿಂದ ತಂದು ತೋರಿಸುತ್ತದೆ. ವಿಂಡೋಸ್‌ನಲ್ಲಿ ಅದು ತುಂಗಾ ಅಥವಾ ನಿರ್ಮಲಾ ಯುಐ. ಮೇಲೆ ಹೆಸರು ಕಾಮಿಕ್ ಸ್ಯಾನ್ಸ್ ಅಂತಲೇ ತೋರಿಸುತ್ತದೆ, ಬಂದಿರುವುದು ಬೇರೆ. ವರ್ಡ್‌ನಲ್ಲಿ ಫಾಂಟ್ ಡೈಲಾಗ್ ತೆರೆದು ನೋಡಿ. 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಂತ ಬೇರೆಯೇ ಒಂದು ಜಾಗ ಇರುತ್ತದೆ. ಕನ್ನಡದ ಫಾಂಟ್ ಅಲ್ಲಿ ಬದಲಾಯಿಸಬೇಕು.

ನಮ್ಮ ಅಂಗಡಿಗೆ ಬರುವ ಅರ್ಧ ಜನಕ್ಕೆ ಇದು ಗೊತ್ತಿಲ್ಲ. "ಇಂಗ್ಲಿಷ್ ಥರಾನೇ ಕನ್ನಡಾನೂ ಸ್ಟೈಲಾಗಿ ಹಾಕಿ" ಅಂತ ನಿಂತುಬಿಡುತ್ತಾರೆ. ಎಲ್ಲಿಂದ ತರಲಿ?

ಕಾಗುಣಿತ
ಎಲ್ಲಿಂದ ತರಲಿ ಅಂದರೆ? ಇವೆ. ನಾನು ಬಳಸಿ ನೋಡಿದ್ದು ಹೇಳುತ್ತೇನೆ, ಎಲ್ಲವೂ ಪುಕ್ಕಟೆ, ಎಲ್ಲವೂ ಯೂನಿಕೋಡ್ (ಯಾವ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ).

ನವಿಲು. ಅರವಿಂದ ಅವರು ಮಾಡಿದ್ದು. ಅವರದೇ ಗುಬ್ಬಿ ಫಾಂಟ್ ಕೂಡ ಇದೆ, ಅದು ಮಾಮೂಲಿ ಅಚ್ಚಿನ ಅಕ್ಷರ. ನವಿಲು ಕೈಬರಹದ್ದು. ಲಿನಕ್ಸ್ ಬಳಸುವವರಿಗೆ ಡೆಬಿಯನ್‌ನಲ್ಲೇ ಸಿಗುತ್ತದೆ. ನಿಮಗೆ ಬೇಕಿರುವುದಕ್ಕೆ ಇದೇ ಹತ್ತಿರ.

ಬಾಲೂ ತಮ್ಮ. ಏಕ್ ಟೈಪ್‌ನವರದು, ಗೂಗಲ್ ಫಾಂಟ್ಸ್‌ನಲ್ಲಿದೆ. ಇದು ನಿಜಕ್ಕೂ ಕೈಬರಹ ಅಲ್ಲ. ದಪ್ಪಗೆ, ಮೂಲೆಗಳೆಲ್ಲ ದುಂಡಗೆ ಇರುತ್ತದೆ. ಮಕ್ಕಳ ಬೋರ್ಡಿಗೆ ಭಲೇ ಚೆನ್ನ. ಇದೇ ಕುಟುಂಬ ಬೇರೆ ಭಾಷೆಗಳಲ್ಲೂ ಇದೆ. ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ, ಮಲಯಾಳಕ್ಕೆ ಚೇಟ್ಟನ್. ಬಾಲೂ 2 ಅಂತ ಹೊಸ ಆವೃತ್ತಿಯಲ್ಲಿ ತೆಳು, ದಪ್ಪ ಎರಡೂ ಸಿಗುತ್ತವೆ.

ಅಕಾಯ ಕನ್ನಡಕ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಮಾಡಿದ್ದು. ಸ್ವಲ್ಪ ತುಂಟ ಅಕ್ಷರ. ತಲೆಬರಹಕ್ಕೆ ಸರಿ, ಪುಟಗಟ್ಟಲೆ ಓದಲು ಬೇಡ.

ಹುಬ್ಬಳ್ಳಿ. ಇದೂ ಗೂಗಲ್ ಫಾಂಟ್ಸ್‌ನಲ್ಲಿದೆ. ಎಲ್ಲ ಗೆರೆಯೂ ಒಂದೇ ದಪ್ಪ, ಸ್ಕೆಚ್ ಪೆನ್ನಿನಲ್ಲಿ ನಿಧಾನಕ್ಕೆ ಬರೆದ ಹಾಗೆ. ಇಂಗ್ಲಿಷ್ ಅಕ್ಷರವೂ ಅದರಲ್ಲೇ ಇದೆ, ಹಾಗಾಗಿ ಎರಡು ಭಾಷೆಯ ಕರಪತ್ರಕ್ಕೆ ಬೇರೆ ಜೋಡಿ ಹುಡುಕುವ ಕೆಲಸ ಇಲ್ಲ.

ಇಂಗ್ಲಿಷ್‌ಗೆ ಕಾಮಿಕ್ ಸ್ಯಾನ್ಸ್ ರುಚಿಯೇ ಬೇಕು, ನಗೆಪಾಟಲು ಬೇಡ ಅಂದರೆ ಕಾಮಿಕ್ ನ್ಯೂ ಹಾಕಿ. ಕ್ರೇಗ್ ರೊಜಿನ್ಸ್ಕಿ 2014ರಲ್ಲಿ ಬಿಟ್ಟಿದ್ದು. ಅದೇ ಚಹರೆ, ಸ್ವಲ್ಪ ತಲೆ ಬಾಚಿಕೊಂಡಿದೆ.

ಒಂದನೇ_ಕ್ಲಾಸ್_ಮಿಸ್
ನನ್ನದೊಂದು ಎಚ್ಚರಿಕೆ. ಬೋರ್ಡಿಗೆ ಏನಾದರೂ ಹಾಕಿಕೊಳ್ಳಿ. ಆದರೆ ಆಗಷ್ಟೇ ಅಕ್ಷರ ಕಲಿಯುತ್ತಿರುವ ಮಗುವಿನ ಕೈಗೆ ಕೊಡುವ ಹಾಳೆಗೆ ಕೈಬರಹದ ಫಾಂಟ್ ಹಾಕಬೇಡಿ.

ಯಾಕೆ ಅಂದರೆ ಕನ್ನಡದಲ್ಲಿ ಅಕ್ಷರದ ವ್ಯತ್ಯಾಸ ಎಷ್ಟು ಸಣ್ಣ ಜಾಗದಲ್ಲಿರುತ್ತದೆ ನೋಡಿ. 'ರ' ಹೊಟ್ಟೆಯೊಳಗೆ ಒಂದು ಚುಕ್ಕಿ ಇಟ್ಟರೆ 'ಠ'. 'ದ' ಕೆಳಗೆ ಒಂದು ಸೀಳು ಕೊಟ್ಟರೆ 'ಧ', ಅದರೊಳಗೆ ಮತ್ತೊಂದು ಚುಕ್ಕಿ ಇಟ್ಟರೆ 'ಥ'. 'ಬ'ಗೂ 'ಭ'ಗೂ ಅದೇ ಸೀಳಿನ ವ್ಯತ್ಯಾಸ. ಆ ಸೀಳು, ಆ ಚುಕ್ಕಿ ಕೈಬರಹದ ಓಟದಲ್ಲಿ ಮೊದಲು ಮಾಯವಾಗುತ್ತವೆ. ನಮಗೆ ಪದದ ಅಂದಾಜಿನಿಂದ ಗೊತ್ತಾಗುತ್ತದೆ, ಮಗುವಿಗೆ ಆಗುವುದಿಲ್ಲ. 'ಮ' ಮತ್ತು 'ವು' ಕಥೆ ಕೇಳಲೇಬೇಡಿ. ನಮ್ಮ ತರಗತಿಯಲ್ಲಿ 'ಮರ' ಅನ್ನುವುದನ್ನು 'ವುರ' ಅಂತ ಓದುವವರು ಪ್ರತಿ ವರ್ಷ ಇರುತ್ತಾರೆ, ಅದೂ ಅಚ್ಚಿನ ಅಕ್ಷರದಲ್ಲೇ.

ದಪ್ಪ ಫಾಂಟ್‌ಗೂ ಇದೇ ಮಾತು. ಸಣ್ಣ ಅಳತೆಯಲ್ಲಿ ಜೆರಾಕ್ಸ್ ಹೊಡೆಸಿದರೆ ಚುಕ್ಕಿ ಮುಚ್ಚಿಹೋಗುತ್ತದೆ.

ಕಾಗುಣಿತ
ಮೇಡಂ, ಆದರೆ ಮಗು ಕೊನೆಗೆ ಕೈಯಲ್ಲೇ ಬರೆಯಬೇಕಲ್ಲ? ಅಚ್ಚಿನ ಅಕ್ಷರದಲ್ಲಿ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಪೆನ್ಸಿಲ್‌ನಲ್ಲಿ ಹಾಗೆ ಬರೆಯಲು ಆಗುತ್ತದಾ? ಒಂದೇ ದಪ್ಪದ ಗೆರೆ ಇರುವ ಅಕ್ಷರ ತೋರಿಸುವುದೇ ವಾಸಿ ಅಲ್ವಾ?

ಒಂದನೇ_ಕ್ಲಾಸ್_ಮಿಸ್
ಒಂದೇ ದಪ್ಪದ ಗೆರೆ ಬೇಕು, ಒಪ್ಪುತ್ತೇನೆ. ಗೀಚಿದ ಹಾಗಿರುವ ಗೆರೆ ಬೇಡ ಅಂದೆ. ಎರಡೂ ಒಂದೇ ಅಲ್ಲ.

ಸಾಗರದಾಚೆ
ನಾನು ಅಮೆರಿಕದಲ್ಲಿ ಭಾನುವಾರದ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಇಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವಾಗ ಶಿಕ್ಷಕರು ಕಾಮಿಕ್ ಸ್ಯಾನ್ಸ್ ಹಾಕುವುದಕ್ಕೆ ಕಾರಣ ಇದೆ. ಅದರ ಸಣ್ಣ 'ಎ' ನಾವು ಕೈಯಲ್ಲಿ ಬರೆಯುವ ಹಾಗೇ ಇದೆ, ತಲೆಯ ಮೇಲೆ ಕೊಕ್ಕೆ ಇಲ್ಲ. 'ಬಿ' ಮತ್ತು 'ಡಿ' ಒಂದನ್ನೊಂದು ಕನ್ನಡಿಯಲ್ಲಿ ನೋಡಿದ ಹಾಗಿಲ್ಲ, ಸ್ವಲ್ಪ ಬೇರೆ ಇವೆ. ಬ್ರಿಟನ್ನಿನ ಡಿಸ್ಲೆಕ್ಸಿಯಾ (ಓದು ಬರಹ ಕಷ್ಟವಾಗುವ ತೊಂದರೆ) ಸಂಘ ತನ್ನ ಸಲಹೆಗಳಲ್ಲಿ ಏರಿಯಲ್ ಜೊತೆಗೆ ಕಾಮಿಕ್ ಸ್ಯಾನ್ಸ್ ಹೆಸರನ್ನೂ ಹೇಳುತ್ತದೆ. ಅಕ್ಷರಗಳು ಒತ್ತೊತ್ತಾಗಿ ಕಾಣುವುದಿಲ್ಲ ಅನ್ನುವುದು ಅದರ ಕಾರಣ. ಡಿಸೈನರ್‌ಗಳು ನಗುವ ಮುಂಚೆ ಇದನ್ನೂ ತಿಳಿದುಕೊಳ್ಳಲಿ.

ಗೆರೆಗೀಚು
@ಸಾಗರದಾಚೆ ಅಕ್ಕ, ಅದು ಸರಿ. ಆದರೆ ಆ ಲಾಭ ಕಾಮಿಕ್ ಸ್ಯಾನ್ಸ್‌ಗೆ ಮಾತ್ರ ಅಂತಲ್ಲ. ಅಕ್ಷರದ ನಡುವೆ ಸ್ವಲ್ಪ ಜಾಗ ಜಾಸ್ತಿ, ಸಾಲಿನ ನಡುವೆ ಜಾಗ ಜಾಸ್ತಿ, ಅಳತೆ ದೊಡ್ಡದು, ಇಷ್ಟು ಕೊಟ್ಟರೆ ಬೇರೆ ಫಾಂಟ್‌ಗಳೂ ಓದಲು ಸಲೀಸು. ಅದೇ ಸಂಘದವರು ಆ ಸಲಹೆಯನ್ನೂ ಕೊಡುತ್ತಾರೆ.

ಕೊನೇರ್ ಅವರೇ ಒಂದು ಮಾತು ಹೇಳಿದ್ದಾರೆ. ಈ ಫಾಂಟನ್ನು ತುಂಬಾ ಪ್ರೀತಿಸುವವರಿಗೂ ಅಕ್ಷರ ವಿನ್ಯಾಸ ಗೊತ್ತಿಲ್ಲ, ದ್ವೇಷ ಮಾಡುವವರಿಗೂ ಗೊತ್ತಿಲ್ಲ, ಅಂಥವರು ಬೇರೆ ಹವ್ಯಾಸ ನೋಡಿಕೊಳ್ಳಲಿ ಅನ್ನುವ ಅರ್ಥದಲ್ಲಿ. ನಾನು ಮಧ್ಯದಲ್ಲಿದ್ದೇನೆ, ನನ್ನ ಹವ್ಯಾಸ ಉಳಿಯಿತು.

ಬೋರ್ಡ್_ಮಾವ
ನೀವೆಲ್ಲ ಕೈಬರಹದ ಹಾಗಿರುವ ಫಾಂಟ್ ಹುಡುಕುತ್ತಿದ್ದೀರಿ. ಕೈಯಲ್ಲೇ ಬರೆಸಿದರೆ ಏನಾಗುತ್ತದೆ? ನಮ್ಮ ಸೋದರಮಾವ ಅಂಗಡಿ ಬೋರ್ಡು ಬರೆಯುತ್ತಿದ್ದರು. ದಾರಕ್ಕೆ ಚಾಕ್ ಪುಡಿ ಸವರಿ, ಎರಡು ತುದಿ ಹಿಡಿದು ಮಧ್ಯೆ ಎಳೆದು ಬಿಟ್ಟರೆ ತಗಡಿನ ಮೇಲೆ ನೇರ ಗೆರೆ ಬೀಳುತ್ತಿತ್ತು. ಹಾಗೆ ಮೇಲೊಂದು, ಕೆಳಗೊಂದು. ಇದರ ಕೆಳಗೆ ಇನ್ನೊಂದು ಗೆರೆ ಒತ್ತಕ್ಷರಕ್ಕೆ. ಮೊದಲು ಎಲ್ಲ ಅಕ್ಷರದ ಮೈ ಬರೆದು, ಆಮೇಲೆ ಚಪ್ಪಟೆ ಬ್ರಷ್‌ನಲ್ಲಿ ಸಾಲಾಗಿ ತಲೆಕಟ್ಟು ಹಾಕಿಕೊಂಡು ಹೋಗುತ್ತಿದ್ದರು. ಆ ತಲೆಕಟ್ಟಿನ ಕೊನೆಯಲ್ಲಿ ಬ್ರಷ್ ಸ್ವಲ್ಪ ತಿರುಗಿಸಿದರೆ ಒಂದು ಚೂಪು ಬಾಲ ಬರುತ್ತಿತ್ತು. ದೂರದಿಂದಲೇ ಇದು ಅವರ ಬೋರ್ಡು ಅಂತ ಹೇಳಬಹುದಿತ್ತು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಮೂಲೆಗೆ ಬಿತ್ತು.

ಜೆರಾಕ್ಸ್_ಡಿಟಿಪಿ_ಲ್ಯಾಮಿನೇಷನ್
ಅಣ್ಣ, ಫ್ಲೆಕ್ಸ್ ಬೈಯಬೇಡಿ, ಹೊಟ್ಟೆಪಾಡು.

ಬೋರ್ಡ್_ಮಾವ
ನಿಮ್ಮನ್ನು ಬೈದಿಲ್ಲ ಮಾರಾಯರೆ. ಫ್ಲೆಕ್ಸ್ ಮೇಲೂ ಒಳ್ಳೆ ಅಕ್ಷರ ಹಾಕಬಹುದಿತ್ತು ಅಂತ ಅಷ್ಟೆ.

ಇಂದಿರಾನಗರ_ನಿವಾಸಿ
ಇದಕ್ಕೇ ಬರೋಣ. ಕರ್ನಾಟಕದಲ್ಲಿ ಬೋರ್ಡಿನ ಶೇ. 60 ಜಾಗ ಕನ್ನಡಕ್ಕೆ ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತಲ್ಲ. ಜಾಗವೇನೋ ಸಿಕ್ಕಿತು. ಈಗ ಕಾಫಿ ಅಂಗಡಿಗಳ ಮುಂದೆ ನಿಂತು ನೋಡಿ. ಇಂಗ್ಲಿಷ್ ಹೆಸರು ಬಳ್ಳಿ ಹಬ್ಬಿದ ಹಾಗೆ ಚೆಂದದ ಕೈಬರಹದಲ್ಲಿ. ಅದರ ಮೇಲೆ ಅದೇ ಹೆಸರು ಕನ್ನಡದಲ್ಲಿ, ತುಂಗಾದಲ್ಲಿ, ಅಗಲಕ್ಕೆ ಎಳೆದು ಹಿಗ್ಗಿಸಿ! ತಲೆಕಟ್ಟು ಚಪಾತಿ ಲಟ್ಟಣಿಗೆಯಷ್ಟು ಉದ್ದ. ದಂಡ ತಪ್ಪಿಸಿಕೊಳ್ಳಲು ಹಾಕಿದ್ದು ಅಂತ ಮುಖದ ಮೇಲೇ ಬರೆದಿರುತ್ತದೆ.

ಕಾಗುಣಿತ
ಹಿಗ್ಗಿಸುವುದಕ್ಕೆ ಬೇರೆ ಕಾನೂನು ತರಬೇಕು.

ಮಸಾಲೆಪುರಿ
ಅಂಗಡಿಯವನ ತಪ್ಪೇನು? ಆ ಥರದ ಕನ್ನಡ ಫಾಂಟ್ ಇಲ್ಲದೆ ಇದ್ದರೆ?

ಇಂದಿರಾನಗರ_ನಿವಾಸಿ
ಇಂಗ್ಲಿಷ್ ಲೋಗೋಗೆ ದುಡ್ಡು ಕೊಟ್ಟು ಬರೆಸಿದವನಿಗೆ ಕನ್ನಡದ ನಾಲ್ಕು ಅಕ್ಷರ ಬರೆಸಲು ಕೈ ಬರುವುದಿಲ್ಲ ಅಂದರೆ ಅದು ಫಾಂಟ್‌ನ ಕೊರತೆ ಅಲ್ಲ.

ಗೆರೆಗೀಚು
ಇಬ್ಬರದೂ ಅರ್ಧ ಸರಿ. ಲೋಗೋಗೆ ಫಾಂಟ್ ಬೇಕಿಲ್ಲ, ಬರೆಸಬಹುದು. ಆದರೆ ಕರಪತ್ರಕ್ಕೆ, ಮೆನುಗೆ, ಆ್ಯಪ್‌ಗೆ ಫಾಂಟೇ ಬೇಕು. ಅಲ್ಲಿ ಕನ್ನಡದ ಕೆಲಸ ನಿಜಕ್ಕೂ ಜಾಸ್ತಿ. ಇಂಗ್ಲಿಷ್‌ಗೆ ಸಣ್ಣದು ದೊಡ್ಡದು ಸೇರಿ 52 ಅಕ್ಷರ, ಮೇಲೆ ಅಂಕಿ, ಚಿಹ್ನೆ. ನಮ್ಮಲ್ಲಿ 34 ವ್ಯಂಜನ. ಪ್ರತಿಯೊಂದಕ್ಕೂ ಒತ್ತು ಬೇರೆ, ಗುಣಿತ ಸೇರಿದಾಗ ತಲೆಕಟ್ಟು ಹೋಗಿ ಬೇರೆ ರೂಪ. 'ಕಿ' ಒಂದು ಥರ, 'ಗಿ' ಇನ್ನೊಂದು ಥರ. ಹೀಗೆ ನೂರಾರು ತುಣುಕು ಬರೆಯಬೇಕು.

ಕೈಬರಹದ ಫಾಂಟ್‌ಗೆ ಇನ್ನೊಂದು ಕಷ್ಟ ಇದೆ. 'ಅಮ್ಮನ ಮನೆಯ ನೆನಪು' ಅಂತ ಟೈಪ್ ಮಾಡಿ. ಆ ಸಾಲಿನಲ್ಲಿ ಎಷ್ಟು 'ನ' ಇದೆ ನೋಡಿ. ಎಲ್ಲವೂ ಅಚ್ಚು ಹಾಕಿದ ಹಾಗೆ ಒಂದೇ ಥರ ಇದ್ದರೆ ಕೈಬರಹ ಅನ್ನುವ ಭ್ರಮೆ ಅಲ್ಲೇ ಒಡೆದುಹೋಗುತ್ತದೆ. ಯಾರೂ ಕೈಯಲ್ಲಿ ಹಾಗೆ ಬರೆಯುವುದಿಲ್ಲ. ಓಪನ್‌ಟೈಪ್‌ನಲ್ಲಿ (ಈಗಿನ ಫಾಂಟ್ ಫೈಲಿನ ಮಾದರಿ) ಇದಕ್ಕೆ ಉಪಾಯ ಇದೆ. ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಬರೆದಿಟ್ಟು, ಅಕ್ಕಪಕ್ಕ ಬಂದಾಗ ತಾನಾಗಿ ಬದಲಾಗುವ ಹಾಗೆ ಮಾಡಬಹುದು. ಇಂಗ್ಲಿಷ್‌ನಲ್ಲಿ ಇದು ಮಾಮೂಲಿ. ಕನ್ನಡದಲ್ಲಿ ನೂರಾರು ತುಣುಕನ್ನು ಮತ್ತೆ ಎರಡರಿಂದ ಗುಣಿಸಿ. ಯಾರು ಕೂತು ಮಾಡುತ್ತಾರೆ, ಯಾರು ದುಡ್ಡು ಕೊಡುತ್ತಾರೆ?

ಪುಟಾಣಿ_ಓದುಕೋಣೆ
ಅಬ್ಬಾ, ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಬೋರ್ಡಿಗೆ ಬಾಲೂ ತಮ್ಮ, ಕರಪತ್ರಕ್ಕೆ ಹುಬ್ಬಳ್ಳಿ ಹಾಕಿ ನೋಡಿದೆ. ಬೋರ್ಡ್ ಸೂಪರ್. ಕರಪತ್ರದಲ್ಲಿ 'ಪುಸ್ತಕ', 'ಮಕ್ಕಳು' ಅಂತ ಬಂದ ಕಡೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತಿದೆ. ಏನು ಮಾಡಲಿ?

ಕಾಗುಣಿತ
ಸಾಲಿನ ಅಂತರ ಹೆಚ್ಚಿಸಿ. ಇಂಗ್ಲಿಷ್ ನೋಡಿಕೊಂಡು ಇಟ್ಟ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. ಒಂದೂವರೆ ಇಟ್ಟು ನೋಡಿ.

ಜೆರಾಕ್ಸ್_ಡಿಟಿಪಿ_ಲ್ಯಾಮಿನೇಷನ್
ಪ್ರೆಸ್‌ಗೆ ಕೊಡುವಾಗ ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಮಾಡಿ, ಫಾಂಟ್ ಸೇರಿಸಿಯೇ ಕೊಡಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ, ಮತ್ತೆ ತುಂಗಾ ಪ್ರತ್ಯಕ್ಷ. ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ಹಳೆಯ ಪೇಜ್‌ಮೇಕರ್, ನುಡಿ, ಶ್ರೀಲಿಪಿಯ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ ಬಗೆಯ) ಫಾಂಟ್. ಯೂನಿಕೋಡ್ ಕೊಟ್ಟರೆ "ಪರಿವರ್ತಕದಲ್ಲಿ ಹಾಕುತ್ತೇವೆ" ಅಂತಾರೆ. ಪರಿವರ್ತಿಸಿದ ಮೇಲೆ ನೀವು ಆರಿಸಿದ ಫಾಂಟ್ ಹೋಯಿತು ಅಂತಲೇ ಲೆಕ್ಕ. ಅರ್ಕಾವತ್ತು ಎಲ್ಲೋ ಹಾರಿರುತ್ತದೆ, ಅದು ಬೇರೆ.

ಸಾಗರದಾಚೆ
ಫೋಟೋಶಾಪ್‌ನಲ್ಲಿ ನನಗೆ 'ಅಕ್ಕ' ಅಂತ ಹಾಕಿದರೆ 'ಅಕ್‌ಕ' ಅಂತ ಒಡೆದು ಬರುತ್ತದೆ. ಇದೂ ಫಾಂಟ್ ತಪ್ಪಾ?

ಗೆರೆಗೀಚು
ಫಾಂಟ್ ತಪ್ಪಲ್ಲ. ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ 'ವರ್ಲ್ಡ್ ರೆಡಿ ಲೇಔಟ್' ಆರಿಸಿ. ಹಳೆಯ ಆವೃತ್ತಿ ಆದರೆ 'ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷಿಯನ್' ಅಂತ ಇರುತ್ತದೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಲ್ಲಿ 'ವರ್ಲ್ಡ್ ರೆಡಿ ಕಂಪೋಸರ್'. ಅದು ಆನ್ ಆಗದೆ ಎಷ್ಟೋ ಕನ್ನಡ ಜಾಹೀರಾತುಗಳು ಒಡೆದ ಒತ್ತಕ್ಷರದೊಂದಿಗೇ ಅಚ್ಚಾಗಿವೆ. ದೆಹಲಿ, ಮುಂಬೈಯಲ್ಲಿ ಕೂತು ಮಾಡುವವರಿಗೆ ಕನ್ನಡ ಓದಲು ಬರುವುದಿಲ್ಲ, ಒಡೆದಿದ್ದೂ ಗೊತ್ತಾಗುವುದಿಲ್ಲ.

ಬೋರ್ಡ್_ಮಾವ
ನಮ್ಮ ಮಾವನ ಬ್ರಷ್‌ಗೆ ಯಾವ ಪ್ರಿಫರೆನ್ಸಸ್ಸೂ ಬೇಕಿರಲಿಲ್ಲ 😀

ಪುಟಾಣಿ_ಓದುಕೋಣೆ
ಕೊನೆಯದೊಂದು ಪ್ರಶ್ನೆ. ಮಕ್ಕಳಿಗೆ ಹಂಚಲು ಇದೇ ಫಾಂಟ್‌ನಲ್ಲಿ ಚೀಲ ಮಾಡಿಸಿ, ಸ್ವಲ್ಪ ದುಡ್ಡಿಗೆ ಮಾರಿದರೆ ತೊಂದರೆ ಇದೆಯಾ? ಪುಕ್ಕಟೆ ಫಾಂಟ್ ಅಲ್ವಾ, ವ್ಯಾಪಾರಕ್ಕೆ ಬಳಸಬಾರದು ಅಂತ ಯಾರೋ ಹೆದರಿಸಿದರು.

ಕಾಗುಣಿತ
ಬಾಲೂ, ಹುಬ್ಬಳ್ಳಿ, ಅಕಾಯ ಮೂರೂ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಚೀಲ, ಬೋರ್ಡು, ಪುಸ್ತಕ ಏನು ಬೇಕಾದರೂ ಅಚ್ಚು ಹಾಕಿ ಮಾರಬಹುದು. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ, ಅಷ್ಟೆ.

ಮಸಾಲೆಪುರಿ
ನನಗೊಂದು ಚೀಲ ಎತ್ತಿಡಿ ಸಾರ್. ಒಂದು ಕಡೆ ಕಾಮಿಕ್ ಸ್ಯಾನ್ಸ್‌ನಲ್ಲೇ ಇರಲಿ, ಗೆರೆಗೀಚು ಅವರಿಗೆ ಕಳಿಸುತ್ತೇನೆ.